ಪಾಸು ಕೊಟ್ಟು ಸೋತ ಸಂಘಟಕ: ಉಪ್ಪಳ–ಕುಂಬಳೆ ನಡುವಿನ ಒಂದು ಸಂಗೀತ ರಾತ್ರಿಯ ಪ್ರಕರಣ ಅಧ್ಯಯನ

ಡಿಸೆಂಬರಿನ ಒಂದು ಶನಿವಾರ. ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಉಪ್ಪಳಕ್ಕೂ ಕುಂಬಳೆಗೂ ನಡುವೆ, ಹೆದ್ದಾರಿ 66ರ ಪಕ್ಕದ ಮೈದಾನದಲ್ಲಿ ಗಾನಮೇಳ. 2,000 ಜನರಿಗೆ ಅನುಮತಿ ಇತ್ತು, ಒಳಗೆ ಸೇರಿದ್ದು 2,600ರಷ್ಟು. ಒಂದೂವರೆ ಗಂಟೆ ಹಾಡಬೇಕಿದ್ದ ಮುಖ್ಯ ಗಾಯಕರು 35 ನಿಮಿಷ ಹಾಡಿ ವೇದಿಕೆ ಇಳಿದರು. ಬೇಲಿಯ ಹತ್ತಿರ ಐದು ಮಂದಿ ಬವಳಿ ಬಂದು ಬಿದ್ದರು. ಯಾರ ಜೀವಕ್ಕೂ ಅಪಾಯ ಆಗಲಿಲ್ಲ. ಸಂಘಟಕರಿಗೆ ಆದ ನಷ್ಟ 4,12,210 ರೂಪಾಯಿ.

ಗಡಿನಾಡಿನ ಇಂಥ ಕಾರ್ಯಕ್ರಮಗಳ ಲೆಕ್ಕವನ್ನೂ ರೂಢಿಯನ್ನೂ ಇಟ್ಟುಕೊಂಡು ಕಟ್ಟಿದ ಮಾದರಿ ಪ್ರಕರಣ ಇದು. ಯಾವ ಒಬ್ಬ ವ್ಯಕ್ತಿಯ ಗುರುತೂ ಇದರಲ್ಲಿಲ್ಲ. ಕಾನೂನು, ತೆರಿಗೆ, ಹಿಂದಿನ ಘಟನೆಗಳ ವಿವರಗಳು ಮಾತ್ರ ಇದ್ದ ಹಾಗೆಯೇ ಇವೆ. ಸಂಘಟಕರನ್ನು ಊರಿನವರೆಲ್ಲ ಕರೆಯುವಂತೆ ಇಲ್ಲಿಯೂ ಅಣ್ಣ ಎಂದೇ ಕರೆಯೋಣ.

ಆ ರಾತ್ರಿ ಕೆಟ್ಟದ್ದಕ್ಕೆ ಜನ ಹಲವು ಕಾರಣ ಹೇಳಿದರು: ಪೊಲೀಸರು ಬೇಗ ನಿಲ್ಲಿಸಿದರು, ಗಾಯಕರು ತಡ ಮಾಡಿದರು, ಸರ್ವಿಸ್ ರೋಡಿನಲ್ಲಿ ವಾಹನ ಸಿಕ್ಕಿಕೊಂಡಿತು. ಮೂರೂ ನಿಜ. ಆದರೆ ಒಂದೊಂದರ ಹಿಂದೆ ಹೋದರೂ ಕೊನೆಗೆ ಸಿಗುವುದು ಅಣ್ಣ ಕೈಯಾರೆ ಹಂಚಿದ 510 ಉಚಿತ ಪಾಸುಗಳು. ಆ ಪಾಸುಗಳನ್ನು ಯಾಕೆ ಹಂಚಿದರು ಎಂಬುದು ತಿಳಿಯಬೇಕಾದರೆ ಅಣ್ಣ ಬದುಕುವ ರೀತಿಯನ್ನು ಮೊದಲು ನೋಡಬೇಕು.

ಅಣ್ಣನ ತಿಂಗಳು

ವಯಸ್ಸು ನಲವತ್ತರ ಆಸುಪಾಸು. ಬಿಳಿ ಜುಬ್ಬಾ, ಕುತ್ತಿಗೆಯಲ್ಲಿ ದಪ್ಪ ಸರ, ಎತ್ತರದ ಕಪ್ಪು ಕಾರು, ಹಿಂದೆ ಮುಂದೆ ನಾಲ್ಕು ಹುಡುಗರು. ಮದುವೆ, ಗೃಹಪ್ರವೇಶ, ಕ್ಲಬ್ಬಿನ ವಾರ್ಷಿಕೋತ್ಸವ, ನೇಮ, ಉರೂಸ್, ಅಂಗಡಿ ಉದ್ಘಾಟನೆ ಯಾವುದನ್ನೂ ತಪ್ಪಿಸುವವರಲ್ಲ. ಎಲ್ಲಿ ಗೌಜಿಯೋ ಅಲ್ಲಿ ಅಣ್ಣ. ಮಲಯಾಳ, ತುಳು, ಕನ್ನಡ, ಬ್ಯಾರಿ ನಾಲ್ಕರಲ್ಲೂ ಮಾತಾಡುತ್ತಾರೆ. ಯಾವ ಊರಿನಲ್ಲಿ ಮಾಪ್ಪಿಳ ಪಾಟ್ಟು ಮೊದಲು ಹಾಡಿಸಬೇಕು, ಎಲ್ಲಿ ತುಳು ಹಾಡಿಗೆ ಜನ ಏಳುತ್ತಾರೆ ಎಂಬುದು ಅವರಿಗೆ ಬಾಯಿಪಾಠ. ಈ ಕೆಲಸದಲ್ಲಿ ಅದು ನಿಜವಾದ ವಿದ್ಯೆ. ಅದನ್ನು ಲಘುವಾಗಿ ಕಾಣುವಂತಿಲ್ಲ.

ಆದಾಯ ಬರುವುದು ನಾಲ್ಕು ದಾರಿಯಲ್ಲಿ. ಕ್ಲಬ್ಬುಗಳಿಗೂ ಜಾತ್ರೆಗಳಿಗೂ ಗಾನಮೇಳ, ತುಳು ನಾಟಕ, ಯಕ್ಷಗಾನ ಗೊತ್ತು ಮಾಡಿಕೊಟ್ಟರೆ ಶೇಕಡಾ 10 ಕಮಿಷನ್. ಬಟ್ಟೆ, ಚಿನ್ನದ ಅಂಗಡಿಗಳ ಉದ್ಘಾಟನೆಗೆ ಸಿನಿಮಾದವರನ್ನು ಕರೆತಂದರೆ ಒಂದು ಮೊತ್ತ. ವಾರದ ಕೊನೆಯಲ್ಲಿ ತಲಪಾಡಿಯ ಗಡಿ ದಾಟಿ ಮಂಗಳೂರಿನ ಹೋಟೆಲುಗಳಿಗೆ ಗಿರಾಕಿಗಳನ್ನು ಕೂರಿಸಿದರೆ ಬಿಲ್ಲಿನ ಮೇಲೆ ಪಾಲು. ನಾಲ್ಕನೆಯದು ಸ್ವಂತ ಜವಾಬ್ದಾರಿಯ ಟಿಕೆಟ್ ಕಾರ್ಯಕ್ರಮ. ಮೊದಲ ಮೂರರಲ್ಲಿ ನಷ್ಟದ ಭಯ ಕಡಿಮೆ. ವರ್ಷದ ಸರಾಸರಿ ಹಿಡಿದರೆ ಅವುಗಳಿಂದ ತಿಂಗಳಿಗೆ 95,000 ರೂಪಾಯಿ.

ಮಂಗಳೂರಿನ ದಾರಿಯಲ್ಲಿ ಒಂದು ತೊಡಕು ಉಂಟು, ಅದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಕೇರಳದಲ್ಲಿ ಮದ್ಯಕ್ಕೆ ಕನಿಷ್ಠ ವಯಸ್ಸು 23. ತಿಂಗಳ ಒಂದನೇ ತಾರೀಕು ಒಣ ದಿನ, ಅಂದರೆ ಮದ್ಯ ಮಾರುವಂತಿಲ್ಲ. ಹಾಗಾಗಿ ಆಚೆ ಹೋಗುವವರು ಇದ್ದೇ ಇರುತ್ತಾರೆ. ಆದರೆ ಕರ್ನಾಟಕದ ಬಾಟಲಿಯನ್ನು ಈಚೆ ತಂದರೆ ಕೇರಳದ ಅಬಕಾರಿ ಕಾಯಿದೆಯಡಿ ಅಪರಾಧ. ಮಂಜೇಶ್ವರದ ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಕಾರೂ ಜಪ್ತಿಯಾಗುತ್ತದೆ. ಅಣ್ಣ ಈ ಒಂದು ವಿಷಯದಲ್ಲಿ ಬಿಗಿ. ಕಾರಿನಲ್ಲಿ ಬಾಟಲಿ ಇಡಲು ಯಾರನ್ನೂ ಬಿಟ್ಟವರಲ್ಲ.

ಇನ್ನು ಖರ್ಚು. ಕಾರಿನ ಕಂತು 28,000, ಪೆಟ್ರೋಲು 14,000, ಮದುವೆ ಉಡುಗೊರೆ ಮತ್ತು ಕ್ಲಬ್, ನೇಮ, ಉರೂಸುಗಳ ವಂತಿಗೆ 18,000, ಜೊತೆಗಿದ್ದವರ ಊಟ ತಿಂಡಿ 20,000, ಬಟ್ಟೆಬರೆ ಸಲೂನು 8,000, ಶುಭಾಶಯದ ಫ್ಲೆಕ್ಸ್ 6,000, ಫೋನು ಮತ್ತು ಸಹಾಯಕ ಹುಡುಗನ ಸಂಬಳ 16,000. ಒಟ್ಟು 1,10,000. ಮನೆಖರ್ಚು 30,000 ಇದಕ್ಕೆ ಹೊರತು. ಅಂದರೆ ತಿಂಗಳಿಗೆ 45,000 ರೂಪಾಯಿಯ ಕೊರತೆ.

ಇದರಲ್ಲಿ ದುಂದು ಯಾವುದು, ಬಂಡವಾಳ ಯಾವುದು ಎಂದು ಬಿಡಿಸಿ ನೋಡದೆ ಎಲ್ಲವನ್ನೂ ಶೋಕಿ ಎಂದು ತಳ್ಳಿಹಾಕುವುದು ತಪ್ಪು. ಉಡುಗೊರೆ ವಂತಿಗೆಯ 18,000 ದುಂದಲ್ಲ. ಸೀಸನ್ನಿನ ಬುಕ್ಕಿಂಗುಗಳು ಹುಟ್ಟುವುದೇ ಮದುವೆ ಚಪ್ಪರದ ಊಟದ ಸಾಲಿನಲ್ಲಿ, ವಾರ್ಷಿಕೋತ್ಸವದ ವೇದಿಕೆಯ ಹಿಂದೆ. ಕಾರು ಅರ್ಧ ಬಂಡವಾಳ, ಅರ್ಧ ದುಂದು. ಕಲಾವಿದರನ್ನು ಮಂಗಳೂರು ವಿಮಾನ ನಿಲ್ದಾಣದಿಂದ ಕರೆತರಲು ಬೇಕು, ಆದರೆ ಅದು ಆ ದರದ್ದೇ ಆಗಬೇಕಿಲ್ಲ. ಫ್ಲೆಕ್ಸಿನಿಂದ ಒಂದು ಬುಕ್ಕಿಂಗ್ ಕೂಡ ಬಂದದ್ದಿಲ್ಲ.

ಕೊರತೆ ತುಂಬುತ್ತಿದ್ದುದು ನಾಲ್ಕನೆಯ ದಾರಿಯಿಂದ. ಮುಂದಿನ ಕಾರ್ಯಕ್ರಮದ ಪ್ರಾಯೋಜಕರು ಕೊಟ್ಟ ಮುಂಗಡ, ಮೊದಲೇ ಮಾರಿದ ಟಿಕೆಟಿನ ಹಣ ಎಲ್ಲ ಅಣ್ಣನ ಸ್ವಂತ ಖಾತೆಗೆ ಬರುತ್ತಿತ್ತು. ಅದರಲ್ಲಿ ಹಳೆಯ ಕಾರ್ಯಕ್ರಮದ ಬಾಕಿ, ಕಾರಿನ ಕಂತು ಎರಡೂ ಹೋಗುತ್ತಿದ್ದವು. ಟಿಕೆಟಿನ ಹಣ ಕಾರ್ಯಕ್ರಮ ಮುಗಿಯುವವರೆಗೆ ಪ್ರೇಕ್ಷಕರ ಹಣ. ಅದನ್ನು ಮುಟ್ಟಿದ ದಿನದಿಂದ ಸಂಘಟಕ ಕಾರ್ಯಕ್ರಮ ಮಾಡುವುದು ಹಳೆಯ ಸಾಲ ತೀರಿಸಲಿಕ್ಕೆ.

ಕಾಗದದ ಮೇಲಿನ ಲೆಕ್ಕ

ಸಾದಾ ಟಿಕೆಟ್ 1,850, ಒಂದಕ್ಕೆ 499 ರೂಪಾಯಿ. ಮುಂದಿನ ಸಾಲಿನ ವಿಐಪಿ ಟಿಕೆಟ್ 150, ಒಂದಕ್ಕೆ 999. ಎಲ್ಲ ಮಾರಿದರೆ 10,73,000. ಪ್ರಾಯೋಜಕರಿಂದ 4,00,000, ತಿಂಡಿ ಅಂಗಡಿಗಳ ಜಾಗದ ಬಾಡಿಗೆ 60,000. ಒಟ್ಟು 15,33,000.

ಸಾದಾ ಟಿಕೆಟಿಗೆ 499 ಇಟ್ಟದ್ದು ಸುಮ್ಮನೆ ಅಲ್ಲ. ಸಂಗೀತ ಕಾರ್ಯಕ್ರಮ, ನಾಟಕ, ನೃತ್ಯಗಳ ಪ್ರವೇಶ ದರ ತಲೆಗೆ 500 ರೂಪಾಯಿ ಮೀರದಿದ್ದರೆ ಜಿಎಸ್‌ಟಿ ವಿನಾಯಿತಿ ಉಂಟು. ಮೀರಿದರೆ ಶೇಕಡಾ 18. ಆದುದರಿಂದ 999ರ ಟಿಕೆಟಿನಲ್ಲಿ ಸಂಘಟಕರ ಪಾಲು 846 ರೂಪಾಯಿ 61 ಪೈಸೆ, ಉಳಿದ 152 ರೂಪಾಯಿ 39 ಪೈಸೆ ಸರಕಾರದ್ದು. ಅಣ್ಣ ಅದನ್ನೂ ತಮ್ಮ ಆದಾಯದಲ್ಲೇ ಹಿಡಿದಿದ್ದರು. ಸೇವೆಯ ವಾರ್ಷಿಕ ವಹಿವಾಟು 20 ಲಕ್ಷ ಮೀರಿದವರು ನೋಂದಣಿ ಮಾಡಿಸಲೇಬೇಕು. ಕಮಿಷನ್ನೂ ಟಿಕೆಟ್ಟೂ ಸೇರಿ ಅಣ್ಣನ ವಹಿವಾಟು ಅದನ್ನು ದಾಟಿತ್ತು. ಕೇರಳದಲ್ಲಿ 1961ರ ಸ್ಥಳೀಯ ಸಂಸ್ಥೆಗಳ ಮನರಂಜನಾ ತೆರಿಗೆ ಕಾಯಿದೆ ಬೇರೆ ಉಂಟು. ಟಿಕೆಟ್ ಮಾರುವ ಮೊದಲೇ ಪಂಚಾಯತಿಗೆ ಹೋಗಿ ಅದರ ವಿಚಾರ ಇತ್ಯರ್ಥ ಮಾಡಿಕೊಳ್ಳಬೇಕು.

ಖರ್ಚು: ಗಾಯಕರು ಮತ್ತು ವಾದ್ಯದವರು 6,50,000, ಧ್ವನಿ, ಬೆಳಕು, ಎಲ್‌ಇಡಿ ಪರದೆ 1,80,000, ವೇದಿಕೆ, ಬ್ಯಾರಿಕೇಡ್, ಶಾಮಿಯಾನ 90,000, ವಾಸ್ತವ್ಯ, ಪ್ರಯಾಣ, ಊಟ 85,000, ಪ್ರಚಾರ 75,000, ಪರವಾನಗಿ ಮತ್ತು ಹಾಡುಗಳ ಹಕ್ಕಿನ ಶುಲ್ಕ 60,000, ಕುರ್ಚಿ, ಶೌಚಾಲಯ, ನೀರು, ಸ್ವಚ್ಛತೆ 45,000, 125 ಕೆವಿಎ ಜನರೇಟರ್ ಎರಡು 40,000, ಕಾವಲಿನವರು 30 ಜನ, ತಲೆಗೆ 1,200ರಂತೆ 36,000, ಮೈದಾನ 25,000, ಆಂಬುಲೆನ್ಸ್ 10,000. ಒಟ್ಟು 12,96,000. ಎಲ್ಲ ಸರಿಯಾದರೆ 2,37,000 ಉಳಿಯಬೇಕು.

ಹಾಡಿನ ಹಕ್ಕಿನ ಬಗ್ಗೆ ಒಂದು ಮಾತು, ಯಾಕೆಂದರೆ ಹೆಚ್ಚಿನವರು ಎಡವುವುದು ಇಲ್ಲೇ. ವೇದಿಕೆಯಲ್ಲಿ ಗಾಯಕರೇ ಹಾಡಿದರೆ ರಚನೆ ಮತ್ತು ಸಾಹಿತ್ಯದ ಹಕ್ಕು ನೋಡುವ ಐಪಿಆರ್‌ಎಸ್‌ನ ಪರವಾನಗಿ ಬೇಕು. ಮಧ್ಯೆ ಡಿಜೆ ಕೂತು ಮುದ್ರಿತ ಹಾಡು ಹಾಕಿದರೆ ಧ್ವನಿಮುದ್ರಿಕೆಯ ಹಕ್ಕು ಇರುವವರಿಂದಲೂ, ಮುಖ್ಯವಾಗಿ ಪಿಪಿಎಲ್‌ನಿಂದ, ಪಡೆಯಬೇಕು. ಮದುವೆಯ ಮೆರವಣಿಗೆಗೆ, ಧಾರ್ಮಿಕ ಸಮಾರಂಭಕ್ಕೆ ಹಕ್ಕುಸ್ವಾಮ್ಯ ಕಾಯಿದೆಯಲ್ಲಿ ಇರುವ ವಿನಾಯಿತಿ ಟಿಕೆಟ್ ಕಾರ್ಯಕ್ರಮಕ್ಕೆ ಸಿಗುವುದಿಲ್ಲ. ಇದನ್ನು ಅಣ್ಣ ಸರಿಯಾಗಿಯೇ ಮಾಡಿದ್ದರು.

ಪಾಸು

ಪೋಸ್ಟರ್ ಅಂಟಿಸಿದ ಮರುದಿನದಿಂದ ಫೋನು. "ಅಣ್ಣಾ, ನಮಗೊಂದು ಪಾಸ್ ಉಂಟಲ್ಲ?" ಕೇಳಿದವರು ಕ್ಲಬ್ಬಿನ ಅಧ್ಯಕ್ಷರು, ಮೈದಾನದ ನೆರೆಮನೆಯವರು, ಹಿಂದಿನ ಸಲ ಮುಂಗಡ ಕೊಟ್ಟವರ ಭಾವ, ಊರಿಗೆ ರಜೆಯಲ್ಲಿ ಬಂದ ದುಬೈಯವರು. ಅಣ್ಣ ಯಾರಿಗೂ ಇಲ್ಲ ಎನ್ನಲಿಲ್ಲ. 450 ಸಾದಾ ಪಾಸು, 60 ವಿಐಪಿ ಪಾಸು ಹೋದವು. ಕ್ರಮಸಂಖ್ಯೆ ಇರಲಿಲ್ಲ, ಕ್ಯೂಆರ್ ಇರಲಿಲ್ಲ. ಬಣ್ಣದ ಕಾಗದದಲ್ಲಿ ಅಣ್ಣನ ಫೋಟೋ, ಕೆಳಗೆ "ಇಬ್ಬರಿಗೆ ಪ್ರವೇಶ". ಎರಡೇ ದಿನದಲ್ಲಿ ಅದರ ಚಿತ್ರ ವಾಟ್ಸಾಪಿನಲ್ಲಿ ಓಡಾಡತೊಡಗಿತು.

ಪಾಸಿನ ಕಾಟ ಹೊಸದೇನಲ್ಲ. ಡೇರೆ ಹಾಕಿ ಟಿಕೆಟ್ ಇಟ್ಟು ಆಡುವ ಯಕ್ಷಗಾನ ಮೇಳಗಳ ಕಾಲದಲ್ಲಿ ಈಸಿಚೇರು, ಕುರ್ಚಿ, ನೆಲ ಎಂದು ದರ ಬೇರೆ ಬೇರೆ ಇತ್ತು. ಆಟವನ್ನು ಕಂಟ್ರಾಕ್ಟಿಗೆ ಹಿಡಿದವರಿಗೆ ಮುಂದಿನ ಸಾಲು ತುಂಬಿದ್ದೂ ಗಲ್ಲಾ ಪೆಟ್ಟಿಗೆ ಹಗುರ ಇದ್ದದ್ದೂ ಒಟ್ಟಿಗೇ ಕಾಣುತ್ತಿತ್ತು. ಆದರೆ ಡೇರೆಯ ಒಳಗೆ ಕೂರುವ ಜಾಗಕ್ಕೆ ಮಿತಿ ಇತ್ತು, ಕಣ್ಣಿಗೆ ಲೆಕ್ಕ ಸಿಗುತ್ತಿತ್ತು. ನಿಂತು ನೋಡುವ ತೆರೆದ ಮೈದಾನದಲ್ಲಿ ಆ ಮಿತಿ ಕಾಣುವುದೇ ಇಲ್ಲ.

ನ್ಯೂಯಾರ್ಕಿನ ಸ್ಟುಡಿಯೋ 54 ಎಂಬ ನೃತ್ಯಶಾಲೆಯ ಇತಿಹಾಸ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಸ್ಟೀವ್ ರುಬೆಲ್ ಮತ್ತು ಇಯಾನ್ ಶ್ರೇಗರ್ ಅದನ್ನು 1977ರ ಏಪ್ರಿಲ್ 26ರಂದು ತೆರೆದರು. ರುಬೆಲ್ ತಾನೇ ಬಾಗಿಲಲ್ಲಿ ನಿಂತು ಯಾರು ಒಳಗೆ, ಯಾರು ಹೊರಗೆ ಎಂದು ಆರಿಸುತ್ತಿದ್ದರು. ಒಳಗೆ ಬಿಡದೆ ಇದ್ದದ್ದರಿಂದಲೇ ಆ ಜಾಗಕ್ಕೆ ಬೆಲೆ ಬಂತು. ಮದ್ಯಕ್ಕೆ ಕಾಯಂ ಪರವಾನಗಿ ಇಲ್ಲದೆ ದಿನದಿನದ ಪರವಾನಗಿಯಲ್ಲಿ ಶುರುಮಾಡಿ, ತೆರೆದ ಮರುತಿಂಗಳೇ ದಾಳಿ ಎದುರಿಸಿದರು. ಗಲ್ಲಾದ ನಗದನ್ನು ಲೆಕ್ಕಕ್ಕೆ ತರದೆ ಎತ್ತಿಡುತ್ತಿದ್ದದ್ದು 1978ರ ಡಿಸೆಂಬರಿನ ತೆರಿಗೆ ದಾಳಿಯಲ್ಲಿ ಹೊರಬಿತ್ತು. 1980ರ ಜನವರಿಯಲ್ಲಿ ಇಬ್ಬರಿಗೂ ಮೂರೂವರೆ ವರ್ಷದ ಶಿಕ್ಷೆ ಆಯಿತು. ಹಣವನ್ನು ಬೆರೆಸುವ ಚಾಳಿಯಲ್ಲಿ ಅಣ್ಣನಿಗೂ ಅವರಿಗೂ ಹೋಲಿಕೆ ಇದೆ. ಬಾಗಿಲಿನಲ್ಲಿ ಮಾತ್ರ ಪೂರ್ತಿ ವಿರುದ್ಧ. ಅಲ್ಲಿ ದೊಡ್ಡವರೆನಿಸಿಕೊಳ್ಳಬೇಕಾದರೆ ತಡೆಯಬೇಕು. ಇಲ್ಲಿ ಎಲ್ಲರೂ ನಮ್ಮವರೇ, ದೊಡ್ಡವರೆನಿಸಿಕೊಳ್ಳಬೇಕಾದರೆ ಒಳಗೆ ಬಿಡಬೇಕು. ನಮ್ಮ ಊರಿನ ಸಂಘಟಕರಿಗೆ ಪಾಸು ನಿಲ್ಲಿಸಿ ಎಂದು ಬುದ್ಧಿ ಹೇಳುವವರು ಈ ಒತ್ತಡವನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ, ಅದಕ್ಕೇ ಆ ಬುದ್ಧಿಮಾತು ನಾಟುವುದೂ ಇಲ್ಲ.

ಪಾಸಿನ ಹೊಡೆತ ಎರಡು ಕಡೆ. ಟಿಕೆಟ್ ಕೊಳ್ಳಬಹುದಾಗಿದ್ದವರೇ ಪಾಸು ಪಡೆದರು. ಸಾದಾ ಟಿಕೆಟ್ ಮಾರಿದ್ದು 1,120, ವಿಐಪಿ 90 ಮಾತ್ರ. ಅದರಿಂದ ಬಂದದ್ದು 6,48,790. ಇನ್ನೊಂದು ಕಡೆ, ಒಳಗೆ ಬರುವವರು ಎಷ್ಟು ಎಂಬ ಅಂದಾಜೇ ಅಣ್ಣನ ಕೈತಪ್ಪಿತು.

ಮೈದಾನ

ಮೈದಾನ 60 ಮೀಟರ್ ಉದ್ದ, 40 ಮೀಟರ್ ಅಗಲ, ಅಂದರೆ 2,400 ಚದರ ಮೀಟರ್. ವೇದಿಕೆ ಮತ್ತು ಅದರ ಹಿಂದಿನ ಜಾಗಕ್ಕೆ 15 ಮೀಟರ್ ಆಳ, 600 ಚದರ ಮೀಟರ್ ಹೋಯಿತು. ವೇದಿಕೆಗೂ ಬ್ಯಾರಿಕೇಡಿಗೂ ನಡುವೆ 3 ಮೀಟರ್ ಖಾಲಿ, 120. ಧ್ವನಿ ನಿಯಂತ್ರಣದ ಮೇಜಿಗೆ 36. ಒಂದು ಬದಿಯಲ್ಲಿ ಆಂಬುಲೆನ್ಸಿಗೆ 5 ಮೀಟರ್ ಅಗಲದ ಓಣಿ, 210. ಹಿಂದೆ ತಿಂಡಿ ಅಂಗಡಿಗಳಿಗೆ 280. ಜನರಿಗೆ ಉಳಿದದ್ದು 1,154 ಚದರ ಮೀಟರ್. ನಿಂತು ನೋಡುವ ಜನರಿಗೆ ಚದರ ಮೀಟರಿಗೆ ಇಬ್ಬರಂತೆ ಹಿಡಿದರೆ 2,300. ಪರವಾನಗಿ 2,000ಕ್ಕೆ ಕೇಳಿದ್ದು ಸರಿಯಾದ ಲೆಕ್ಕ. ಈ ಲೆಕ್ಕ ಮಾಡದೆ ಮೈದಾನದ ಪೂರ್ತಿ ವಿಸ್ತೀರ್ಣಕ್ಕೆ ತಲೆ ಎಣಿಸುವವರೇ ಹೆಚ್ಚು.

ಎಡವಟ್ಟಾದದ್ದು ವೇದಿಕೆಯ ದಿಕ್ಕಿನಲ್ಲಿ. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಹೆದ್ದಾರಿ ಮತ್ತು ಅದರಾಚೆ ಮನೆಗಳು. ಧ್ವನಿಯವರು ವೇದಿಕೆಯನ್ನು ಕಡಲಿಗೆ ಮುಖ ಮಾಡಿ ಇಡಿ ಎಂದರು. ಹೆದ್ದಾರಿಯಲ್ಲಿ ಹೋಗುವವರಿಗೆ ಪರದೆಯೂ ಅದರ ಮೇಲೆ ತಮ್ಮ ಹೆಸರೂ ಕಾಣಲಿ ಎಂದು ಅಣ್ಣ ಪೂರ್ವಕ್ಕೆ ತಿರುಗಿಸಿದರು. ಸ್ಪೀಕರಿನ ಬಾಯಿ ನೇರ ಮನೆಗಳ ಕಡೆಗಾಯಿತು, ಸಂಜೆಯ ಕಡಲ ಗಾಳಿಯೂ ಅತ್ತಲೇ.

2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿ 45. ಹಗಲು ಎಂದರೆ ಬೆಳಿಗ್ಗೆ 6ರಿಂದ ರಾತ್ರಿ 10. ಧ್ವನಿವರ್ಧಕ ಇರುವ ಜಾಗದ ಗಡಿಯಲ್ಲಿ ಆ ಪ್ರದೇಶದ ಮಿತಿಗಿಂತ 10 ಹೆಚ್ಚು ಅಥವಾ 75, ಎರಡರಲ್ಲಿ ಯಾವುದು ಕಡಿಮೆಯೋ ಅದು. ಇಲ್ಲಿ 65. ತೆರೆದ ಮೈದಾನದ ಗಾನಮೇಳಕ್ಕೆ ಇದು ಬಹಳ ಇಕ್ಕಟ್ಟಿನ ಮಿತಿ. ಆದಕಾರಣ ಸ್ಪೀಕರ್ ಎತ್ತಿ ನೇತುಹಾಕಿ ಬಾಯಿ ಕೆಳಕ್ಕೆ ಬಾಗಿಸುವುದು, ಬಾಸ್ ಪೆಟ್ಟಿಗೆಗಳಲ್ಲಿ ಕೆಲವನ್ನು ಹಿಂದಕ್ಕೆ ತಿರುಗಿಸಿ ಜೋಡಿಸುವುದು, ಮನೆಗಳಿಲ್ಲದ ಕಡೆಗೆ ಮುಖ ಇಡುವುದು ಮುಂತಾದ ಕ್ರಮಗಳೇ ದೂರು ಬರದಂತೆ ಕಾಯುವುದು. 10ರ ನಂತರ ತೆರೆದ ಜಾಗದಲ್ಲಿ ಧ್ವನಿವರ್ಧಕ ಇಲ್ಲ. ಸಾಂಸ್ಕೃತಿಕ, ಧಾರ್ಮಿಕ ಹಬ್ಬಗಳಿಗೆ ರಾಜ್ಯ ಸರಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿ 12ರವರೆಗೆ ಸಡಿಲಿಸಬಹುದು. ಕಟೀಲಿನ ಯಕ್ಷಗಾನ ಮೇಳಗಳು 2022ರ ತಿರುಗಾಟದಲ್ಲಿ ಇಡೀ ರಾತ್ರಿಯ ಆಟ ಬಿಟ್ಟು ಕಾಲಮಿತಿಗೆ ಬಂದದ್ದೂ ಈ ನಿಯಮದ ಕಾರಣಕ್ಕೇ. ಬೆಳಗಿನವರೆಗೆ ಆಟ ನೋಡಿ ಬೆಳೆದ ನಮ್ಮ ಜನರಿಗೆ ರಾತ್ರಿ ಶುರುವಾಗುವುದೇ ಒಂಬತ್ತಕ್ಕೆ ಎಂಬ ಅಭ್ಯಾಸ ಇನ್ನೂ ಹೋಗಿಲ್ಲ, ಅಣ್ಣನಿಗೂ ಹೋಗಿರಲಿಲ್ಲ.

ಸಂಜೆ 7ರಿಂದ 10

ಬಾಗಿಲು ತೆರೆದದ್ದು 5.30ಕ್ಕೆ. ನಾಲ್ಕು ಸಾಲು. ಕ್ಯೂಆರ್ ನೋಡಿ, ಚೀಲ ತಡವಿ ಒಳಗೆ ಬಿಡಲು ಒಬ್ಬರಿಗೆ 6 ಸೆಕೆಂಡು, ಸಾಲಿಗೆ ನಿಮಿಷಕ್ಕೆ 10 ಜನ, ನಾಲ್ಕು ಸೇರಿ 40. ನಮ್ಮ ಕಡೆ ಜನ ಬರುವುದು ಮಗ್ರಿಬ್ ನಮಾಜು, ದೇವಸ್ಥಾನದ ಪೂಜೆ, ಅಂಗಡಿಯ ವ್ಯಾಪಾರ ಮುಗಿದ ಮೇಲೆ, 7ರಿಂದ 8ರ ಒಳಗೆ. ಆ ಒಂದು ಗಂಟೆಯಲ್ಲಿ 1,500 ಜನ ಬಂದರೂ ನಿಮಿಷಕ್ಕೆ 25. ನಾಲ್ಕು ಸಾಲು ಧಾರಾಳ ಸಾಕು.

ಸಾಕಾಗದಂತೆ ಮಾಡಿದ್ದು ಪಾಸು. ಒಂದೇ ಪಾಸಿನ ನಕಲು ಹಿಡಿದು ಎಂಟು ಜನ, "ಅಣ್ಣನೇ ಕೊಟ್ಟದ್ದು ಮಾರಾಯ್ರೆ, ಬೇಕಾದರೆ ಫೋನ್ ಮಾಡಿ." ಒಂದೊಂದು ವಾದಕ್ಕೆ ಒಂದೆರಡು ನಿಮಿಷ. ಸಾಲಿನ ವೇಗ ನಿಮಿಷಕ್ಕೆ 4ಕ್ಕೆ ಇಳಿಯಿತು, ನಾಲ್ಕು ಸಾಲಿಗೂ ಸೇರಿ 16. ನಿಮಿಷಕ್ಕೆ 9 ಜನರಂತೆ ಹೊರಗೆ ಗುಂಪು ಬೆಳೆದು 40 ನಿಮಿಷದಲ್ಲಿ 360 ಜನ ಬಾಗಿಲಿಗೆ ಒತ್ತಿ ನಿಂತರು. ಅವರಲ್ಲಿ ಅರ್ಧದಷ್ಟು ದುಡ್ಡು ಕೊಟ್ಟು ಟಿಕೆಟ್ ಕೊಂಡವರು.

ಇದೇ ಹೊತ್ತಿಗೆ ವಾದ್ಯದವರ ವ್ಯಾನು ಸರ್ವಿಸ್ ರೋಡಿನಲ್ಲಿ ನಿಂತಿತ್ತು. ಆರು ಪಥದ ಹೆದ್ದಾರಿ ಆದ ಮೇಲೆ ಮೈದಾನಕ್ಕೆ ಹೆದ್ದಾರಿಯಿಂದ ನೇರ ತಿರುಗಲಿಕ್ಕಿಲ್ಲ. ಮಂಗಳೂರಿನಿಂದ ಬಂದವರು ಮುಂಚೆಯೇ ಸರ್ವಿಸ್ ರೋಡಿಗೆ ಇಳಿಯಬೇಕು, ಇನ್ನೊಂದು ಬದಿಗೆ ಹೋಗಲು ಅಂಡರ್‌ಪಾಸ್ ಹಿಡಿಯಬೇಕು. ಬಾಗಿಲಿನ ಗುಂಪು ಸರ್ವಿಸ್ ರೋಡಿಗೆ ಚೆಲ್ಲಿತ್ತು, ಜೊತೆಗೆ ವಿಐಪಿ ಪಾಸಿನವರ ಕಾರುಗಳು ಎರಡನೆಯ ಬಾಗಿಲಿನ ಎದುರೇ ಸಾಲಾಗಿ ನಿಂತಿದ್ದವು. ಕಲಾವಿದರ ವಾಹನಕ್ಕೆ ಬೇರೆ ದಾರಿ, ಅದಕ್ಕೊಬ್ಬ ಕಾವಲು ಇಲ್ಲದೆ ಈ ಹೆದ್ದಾರಿ ಬದಿಯಲ್ಲಿ ಕಾರ್ಯಕ್ರಮ ಇಟ್ಟುಕೊಳ್ಳಲೇಬಾರದು.

7.50ಕ್ಕೆ ಅಣ್ಣ ತಾವೇ ಬಾಗಿಲಿಗೆ ಬಂದರು. ಮುಖ ಕಂಡವರೆಲ್ಲ ಕೂಗಿದರು. ಕ್ಲಬ್ಬಿನ ಹುಡುಗರಿಗೆ ಸನ್ನೆ ಮಾಡಿ ಬದಿಯ ಓಣಿ ತೆರೆಸಿದರು, ಅದು ಆಂಬುಲೆನ್ಸಿನ ಓಣಿ. ಹತ್ತು ನಿಮಿಷದಲ್ಲಿ ಗುಂಪು ಒಳಗೆ ಹೋಗಿ ನೇರ ವೇದಿಕೆಯ ಮುಂದಕ್ಕೆ ನುಗ್ಗಿತು. ಒಳಗೆ ಒಟ್ಟು 2,600 ಆದರೂ ಸರಾಸರಿ ಚದರ ಮೀಟರಿಗೆ ಎರಡೂಕಾಲು ಜನ, ಕೇಳಲಿಕ್ಕೆ ಅಷ್ಟೇನೂ ಅಲ್ಲ. ಆದರೆ ಮುಂದಿನ 10 ಮೀಟರ್ ಪಟ್ಟಿಯ 350 ಚದರ ಮೀಟರಿನಲ್ಲಿ 1,400 ಜನ ಇದ್ದರು, ಚದರ ಮೀಟರಿಗೆ ನಾಲ್ಕು. ಐದು ದಾಟಿದರೆ ಜನ ತಮ್ಮಿಚ್ಛೆಯಂತೆ ಹೆಜ್ಜೆ ಇಡಲಾರರು, ಒಂದು ಕಡೆ ತಳ್ಳಿದ್ದು ಇನ್ನೊಂದು ಕಡೆ ಅಲೆಯಾಗಿ ಬರುತ್ತದೆ. 8.10ಕ್ಕೆ ಬೇಲಿಯ ಬಳಿ ಮೊದಲ ಹುಡುಗಿ ಕುಸಿದಳು. ಆಂಬುಲೆನ್ಸ್ ಬರುವ ಓಣಿಯಲ್ಲಿ ಜನ.

ಬಾಗಿಲಿನ ಹೊರಗೆ ಗುಂಪು ಕಟ್ಟುವುದು ಎಷ್ಟು ಅಪಾಯ ಎಂಬುದಕ್ಕೆ ಕೇರಳದಲ್ಲೇ ಸಾಕ್ಷಿ ಇದೆ. 2023ರ ನವೆಂಬರ್ 25ರಂದು ಕೊಚ್ಚಿಯ ಕುಸಾಟ್ ವಿಶ್ವವಿದ್ಯಾಲಯದಲ್ಲಿ ಗಾನಮೇಳಕ್ಕೆ ಮುಂಚೆ ಹೊರಗಿದ್ದವರು ಮೆಟ್ಟಿಲಿನ ಮೂಲಕ ಒಮ್ಮೆಲೇ ನುಗ್ಗಿ ನಾಲ್ವರು ಸತ್ತರು. ಮೈದಾನ ಸಮತಟ್ಟಾಗಿದ್ದದ್ದು, ಮಳೆ ಬಾರದೆ ಇದ್ದದ್ದು ಅಣ್ಣನ ಕಾರ್ಯಕ್ರಮವನ್ನು ಕಾಪಾಡಿತು. ಹೊರಗೆ ಹೋಗುವ ಲೆಕ್ಕವಂತೂ ಇನ್ನೂ ಕೆಟ್ಟದಾಗಿತ್ತು. ಸಮತಟ್ಟಿನಲ್ಲಿ ಬಾಗಿಲಿನ ಒಂದು ಮೀಟರ್ ಅಗಲದಲ್ಲಿ ನಿಮಿಷಕ್ಕೆ 82 ಜನ ಸಾಗಬಹುದು ಎಂಬುದು ಕ್ರೀಡಾಂಗಣಗಳಿಗೆ ಬಳಸುವ ಅಳತೆ. 3 ಮೀಟರಿನ ಎರಡು ಬಾಗಿಲಿನಲ್ಲಿ ನಿಮಿಷಕ್ಕೆ 492, ಅಂದರೆ 2,600 ಜನ ಐದೂವರೆ ನಿಮಿಷದೊಳಗೆ ಹೊರಗೆ. ಕಾರುಗಳು ಅಡ್ಡ ನಿಂತು ಒಂದೇ ಬಾಗಿಲು ಉಳಿದಿದ್ದರಿಂದ ಹತ್ತೂವರೆ ನಿಮಿಷಕ್ಕೂ ಹೆಚ್ಚು ಬೇಕಿತ್ತು. ಎಂಟು ನಿಮಿಷದ ಒಳಗೆ ಖಾಲಿಯಾಗಬೇಕು ಎಂಬುದು ಒಪ್ಪಿತ ಮಿತಿ.

8.15ರಿಂದ 8.40ರವರೆಗೆ ಪೊಲೀಸರು ಸಂಗೀತ ನಿಲ್ಲಿಸಿದರು, ಓಣಿ ಬಿಡಿಸಿದರು, ಕಾರುಗಳನ್ನು ತೆಗೆಸಿದರು. ವಾದ್ಯದ ವ್ಯಾನು ತಲುಪಿದ್ದು 8.35ಕ್ಕೆ. ವಾದ್ಯ ಜೋಡಿಸಿ ಧ್ವನಿ ಪರೀಕ್ಷೆ ಮುಗಿಯುವಾಗ 9.20. ಗಾಯಕರು ವೇದಿಕೆಗೆ ಬಂದದ್ದು 9.25ಕ್ಕೆ. ಆಗಲೇ ಪೂರ್ವದ ಮನೆಗಳಿಂದ ಮೂರು ದೂರು ಹೋಗಿತ್ತು, ಹಾಗಾಗಿ ಹತ್ತಕ್ಕೆ ಒಂದು ನಿಮಿಷವೂ ಹೆಚ್ಚು ಸಿಗಲಿಲ್ಲ. ಗಾಯಕರ ಬಾಕಿ 3,25,000ವನ್ನು ವೇದಿಕೆ ಹತ್ತುವ ಮೊದಲೇ ಕೊಡಬೇಕಿತ್ತು. ಈ ಕ್ಷೇತ್ರದಲ್ಲಿ ಎಲ್ಲೆಡೆ ಅದೇ ರೂಢಿ. ಅರ್ಧ ಹಾಡಿದರೂ ಪೂರ್ತಿ ಸಂಭಾವನೆ, ಯಾಕೆಂದರೆ ಕರಾರಿನಲ್ಲಿ ತಡಕ್ಕೆ ಸಂಘಟಕರೇ ಹೊಣೆ ಎಂದು ಬರೆದಿತ್ತು.

ಬಾಕಿ ತೀರಿಸಿದ ಕ್ರಮ

ಪ್ರಾಯೋಜಕರು ಹೇಳಿದ 4,00,000ದಲ್ಲಿ ಬಂದದ್ದು 1,75,000. ಟಿಕೆಟ್, ಅಂಗಡಿ ಬಾಡಿಗೆ ಎಲ್ಲ ಸೇರಿ ಕೈಗೆ 8,83,790. ಕೊರತೆ 4,12,210. ಅದರಲ್ಲಿ ಧ್ವನಿ ಬೆಳಕಿನವರಿಗೆ 90,000, ಶಾಮಿಯಾನ ಮತ್ತು ಬ್ಯಾರಿಕೇಡಿನವರಿಗೆ 45,000, ಹೋಟೆಲಿಗೆ 41,210, ಕಾವಲಿನವರಿಗೆ 36,000, ಜನರೇಟರಿಗೆ 20,000. ಉಳಿದ 1,80,000 ಆ ಸಂಜೆ ಗಾಯಕರಿಗೆ ಕೊಡಲು ತಿಂಗಳಿಗೆ ಶೇಕಡಾ 3ರ ಬಡ್ಡಿಗೆ ತಂದದ್ದು. ಬಡ್ಡಿಯೇ ತಿಂಗಳಿಗೆ 5,400. ಕುತ್ತಿಗೆಯಲ್ಲಿ ಸರ ಇದ್ದೂ ಕೈಸಾಲ ಮಾಡಿದ್ದು ಯಾಕೆಂದರೆ ಆ ರಾತ್ರಿ ಸರ ಕುತ್ತಿಗೆಯಲ್ಲೇ ಇರಬೇಕಿತ್ತು.

ಧ್ವನಿಯವರಿಗೆ ಕೊಟ್ಟ ಮುಂದಿನ ತಾರೀಕಿನ ಚೆಕ್ಕು ಹಣವಿಲ್ಲದೆ ಮರಳಿತು. ಚೆಕ್ಕು ಮರಳಿದ ಮಾಹಿತಿ ಬಂದ 30 ದಿನದೊಳಗೆ ನೋಟಿಸ್, ನೋಟಿಸ್ ಸಿಕ್ಕಿದ 15 ದಿನದೊಳಗೆ ಹಣ ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 138ನೇ ಕಲಮಿನಡಿ ದೂರು. ಎರಡು ವರ್ಷದವರೆಗೆ ಸಜೆ, ಚೆಕ್ಕಿನ ಎರಡು ಪಟ್ಟು ದಂಡ ಅಥವಾ ಎರಡೂ ಆಗಬಹುದು. ಹಣ ಖಾತೆಯಲ್ಲಿ ಇಲ್ಲದೆ ಚೆಕ್ಕು ಕೊಡುವುದಕ್ಕಿಂತ ಕಂತಿನ ಕಾಗದ ಬರೆದುಕೊಡುವುದು ಎಷ್ಟೋ ಮೇಲು. ನೋಟಿಸಿನ 15 ದಿನವೇ ಅಣ್ಣನನ್ನು ಲೆಕ್ಕಕ್ಕೆ ಕೂರಿಸಿತು.

ಮೊದಲು ಕಾರು ಹೋಯಿತು. ಸಾಲ ಮುಗಿಸಿ ಕೈಗೆ ಉಳಿದದ್ದು 1,60,000, ತಿಂಗಳ ಕಂತೂ ನಿಂತಿತು. ಕೊಡುವ ಕ್ರಮ ಹೀಗೆ: ದಿನಗೂಲಿಯ ಕಾವಲಿನವರಿಗೆ ಮೊದಲು, ಆಮೇಲೆ ಜನರೇಟರು, ಶಾಮಿಯಾನ. ಹಣ ಕೊಟ್ಟ 90 ವಿಐಪಿ ಪ್ರೇಕ್ಷಕರಿಗೆ ತಲೆಗೆ 500ರಂತೆ 45,000 ಮರಳಿಸಿದರು. ಗ್ರಾಹಕ ಆಯೋಗಕ್ಕೆ ಯಾರೂ ಹೋಗಿರಲಿಲ್ಲ, ಕೇಳುವ ಮೊದಲೇ ಕೊಟ್ಟದ್ದರಿಂದ ಅಣ್ಣನ ಹೆಸರು ಉಳಿಯಿತು. ಸಾದಾ ಟಿಕೆಟಿನವರಿಗೂ ಏನಾದರೂ ಕೊಡಬೇಕಿತ್ತು, ಕೊಡದೆ ಬಿಟ್ಟದ್ದು ನ್ಯಾಯವಲ್ಲ. ಉಳಿದ 14,000 ಧ್ವನಿಯವರಿಗೆ. ಪರದೆಯ ಮೇಲೆ ಪ್ರಾಯೋಜಕರ ಹೆಸರು ಬಂದ ಫೋಟೋ, ಸಮಯ ಸಮೇತ ತೋರಿಸಿ ಕೇಳಿದಾಗ ಬಾಕಿಯಲ್ಲಿ 80,000 ಬಂತು. ಧ್ವನಿಯವರ 76,000 ನೋಟಿಸಿನ ಅವಧಿಯೊಳಗೆ ತೀರಿತು, 4,000 ಹೋಟೆಲಿಗೆ. ಕೊನೆಗೆ ಸರವನ್ನು ಬ್ಯಾಂಕಿನಲ್ಲಿ ಅಡವಿಟ್ಟು ಕೈಸಾಲ ಮುಗಿಸಿದರು. ವರ್ಷಕ್ಕೆ ಶೇಕಡಾ 10ರ ಬಡ್ಡಿಯಲ್ಲಿ ತಿಂಗಳಿಗೆ 1,500.

ಈಗಿನ ಪಾಸು

ಪಾಸು ಪೂರ್ತಿ ನಿಲ್ಲಿಸಲು ಅಣ್ಣನಿಂದ ಆಗದು, ನಿಲ್ಲಿಸಬೇಕಾಗಿಯೂ ಇಲ್ಲ. ಬದಲಾದದ್ದು ಲೆಕ್ಕ. ಒಟ್ಟು ಜಾಗದ ನೂರಕ್ಕೆ ಮೂರು ಮಾತ್ರ ಪಾಸು. ಪ್ರತಿಯೊಂದಕ್ಕೂ ಸಂಖ್ಯೆ, ಹೆಸರು, ಕ್ಯೂಆರ್; ಒಂದು ಪಾಸಿಗೆ ಒಬ್ಬರು. ಪಟ್ಟಿ ಇರುವುದು ಟಿಕೆಟ್ ನೋಡುವ ಹುಡುಗಿಯ ಕೈಯಲ್ಲಿ. ಪಾಸಿನ ತಕರಾರಿಗೆ ಬಾಗಿಲಿನಿಂದ 15 ಮೀಟರ್ ದೂರ ಬೇರೆ ಮೇಜು, ಸಾಲಿನಲ್ಲಿ ವಾದ ಇಲ್ಲ. ಪಾಸು ಮುಗಿದ ಮೇಲೆ ಕೇಳಿದವರಿಗೆ ಅಣ್ಣ ತಮ್ಮ ಕೈಯಿಂದ ದುಡ್ಡು ಹಾಕಿ ಟಿಕೆಟ್ ಕೊಳ್ಳಬೇಕು, ಅದು ಉಡುಗೊರೆಯ 18,000ದೊಳಗೇ ಬರಬೇಕು. ಟಿಕೆಟ್ ಮತ್ತು ಪ್ರಾಯೋಜಕರ ಹಣಕ್ಕೆ ಬೇರೆ ಖಾತೆ, ಹಣ ತೆಗೆಯಲು ಅಣ್ಣನ ಜೊತೆ ಅವರ ಹೆಂಡತಿಯ ಸಹಿಯೂ ಬೇಕು. ಬಾಗಿಲಿಗೆ ಅಣ್ಣ ಹೋಗುವಂತಿಲ್ಲ; ಅವರ ಜಾಗ ಒಳಗೆ, ಪ್ರೇಕ್ಷಕರ ನಡುವೆ.

ಮುಂದಿನ ಕಾರ್ಯಕ್ರಮ ಕಾಸರಗೋಡಿನಲ್ಲಿ, 650 ಆಸನದ ಮುಚ್ಚಿದ ಸಭಾಂಗಣದಲ್ಲಿ ನಡೆಯಿತು. ಮುಚ್ಚಿದ ಸಭಾಂಗಣದೊಳಗಿನ ಧ್ವನಿವರ್ಧಕಕ್ಕೆ ಹತ್ತರ ನಿರ್ಬಂಧ ಇಲ್ಲ. ಹೊರಗೆ ಕೇಳುವ ಸದ್ದಿನ ಮಿತಿ ಮಾತ್ರ ಇದೆ. ಟಿಕೆಟ್ 400 ರೂಪಾಯಿ, ಮಾರಿದ್ದು 540, ಪಾಸು 20. ಟಿಕೆಟಿನಿಂದ 2,16,000, ಪ್ರಾಯೋಜಕರಿಂದ ಮೊದಲೇ ಕೈಗೆ ಬಂದ 60,000, ಖರ್ಚು 2,05,000. ಉಳಿದ 71,000ದಲ್ಲಿ ಹೋಟೆಲಿನ 37,210 ತೀರಿತು, 33,790 ಬ್ಯಾಂಕಿಗೆ ಹೋಯಿತು. ಸರದ ಮೇಲೆ ಈಗ ಇರುವ ಸಾಲ 1,46,210 ರೂಪಾಯಿ ಮತ್ತು ಬಡ್ಡಿ. ಇದೇ ಗಾತ್ರದ ಇನ್ನು ಎರಡು ಕಾರ್ಯಕ್ರಮಗಳಿಗೆ ಸಭಾಂಗಣ ಗೊತ್ತು ಮಾಡಿಯಾಗಿದೆ.